ಒಂದೇ ಚಿತ್ರ, ಎರಡು ಕಂತು: ನನ್ನ ಡಾರ್ಕ್ ರೊಮ್ಯಾನ್ಸ್ ಕಾಮಿಕ್ ದಡ ಸೇರಿದ್ದು ಹೀಗೆ

ಒಮ್ಮೆ ಬಿಡಿಸಿದ್ದನ್ನೇ ಮತ್ತೆ ಹಾಕಿದರೆ ಓದುಗರು ಬೈತಾರೆ ಅಂತ ನನಗೆ ಬುದ್ಧಿ ಹೇಳಿದವರು ತುಂಬಾ ಜನ. ನನ್ನ ಹತ್ತನೇ ಕಂತಿನಲ್ಲಿ ಮುಕ್ಕಾಲು ಪಾಲು ಮೂರನೇ ಕಂತಿನ ಚಿತ್ರಗಳೇ ಇವೆ. ಇಡೀ ಕಥೆಯಲ್ಲಿ ಅತಿ ಜಾಸ್ತಿ ಶೇರ್ ಆಗಿದ್ದು ಅದೇ ಕಂತು.

ಕಥೆ ಮೈಸೂರಿನದು. ಪಿಜಿಯಲ್ಲಿರುವ ಹುಡುಗಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಪರಿಚಯ ಆಗುವ ಹುಡುಗ. ಕೇಳುವ ಮೊದಲೇ ಸಹಾಯಕ್ಕೆ ಬರುವವನು. ಮೆಲ್ಲಗೆ ಅವಳ ಗೆಳತಿಯರು ಒಬ್ಬೊಬ್ಬರೇ ದೂರ ಆಗುತ್ತಾರೆ. ಆಮೇಲೆ ಅವಳ ಫೋನು, ಸಂಬಳ, ಯಾವ ಚೂಡಿದಾರ್ ಹಾಕಬೇಕು ಅನ್ನೋದು, ಎಲ್ಲಾ ಅವನ ಕೈಗೆ. ಕೊರಿಯಾದ ವೆಬ್‌ಟೂನ್ (ಫೋನಿನಲ್ಲಿ ಕೆಳಕ್ಕೆ ಸ್ಕ್ರೋಲ್ ಮಾಡುತ್ತಾ ಓದುವ ಕಾಮಿಕ್) ಓದಿದವರಿಗೆ ಈ ದಾರಿ ಹೊಸದಲ್ಲ.

ಕಷ್ಟ ಬೇರೆ ಕಡೆ ಇತ್ತು. ಶುರುವಿನ ಕಂತುಗಳಿಗೆ ಬಂದ ಕಾಮೆಂಟ್ ನೋಡಿ ನನಗೆ ತಲೆ ಕೆಟ್ಟಿತು. 'ಇಂಥ ಹುಡುಗ ನಂಗೂ ಸಿಗ್ಲಿ ಅಕ್ಕಾ.' ಹಿಂದೆ ಬಿದ್ದು ಒಪ್ಪಿಸೋದೇ ಪ್ರೀತಿ ಅಂತ ನಮ್ಮ ಸಿನಿಮಾಗಳು ಅಷ್ಟು ವರ್ಷ ತೋರಿಸಿವೆ, ಓದುಗರನ್ನ ಬೈದು ಏನು ಪ್ರಯೋಜನ? ಅವನ ಮನಸ್ಸಿನ ಮಾತನ್ನ ಕಪ್ಪು ಬಾಕ್ಸ್‌ನಲ್ಲಿ ಹಾಕಿ ನೋಡಿದೆ. ಗುಟ್ಟು ಮೊದಲೇ ಹೊರಬಿತ್ತು, ಓದುವವರು ಅರ್ಧಕ್ಕೆ ಇಳಿದರು. ಕಣ್ಣಿನ ಕೆಳಗೆ ನೆರಳು, ಹಿಂದೆ ಕೆಂಪು ಬೆಳಕು ಕೊಟ್ಟೆ. ಧಾರಾವಾಹಿ ವಿಲನ್ ಅಂತ ನಕ್ಕರು. ಬಣ್ಣ ತುಂಬುವ ಹುಡುಗನಿಗೆ ಕಂತಿಗೆ ಸುಮಾರು 4 ಸಾವಿರ ಕೊಡುತ್ತಿದ್ದೆ. ಹೀಗೆ ತಿದ್ದಿ ತಿದ್ದಿ 25 ಸಾವಿರದ ಹತ್ತಿರ ಕೈ ಬಿಟ್ಟಿತು, ಬಂದ ಲಾಭ ಸೊನ್ನೆ.

ಆಮೇಲೆ ಹಿಡಿದಿದ್ದು ಈ ದಾರಿ. ಸೀನ್ ಅನ್ನ ಅಗಲವಾಗಿ ಪೂರ್ತಿ ಬಿಡಿಸು, ಮೊದಲು ಕತ್ತರಿಸಿ ತೋರಿಸು.

ಮೂರನೇ ಕಂತಿನಲ್ಲಿ ಇದ್ದಕ್ಕಿದ್ದಂತೆ ಮಳೆ. ಬಸ್ ಸ್ಟಾಪಿನಲ್ಲಿ ಹುಡುಗಿ ನೆನೆಯುತ್ತಿದ್ದಾಳೆ, ಅವನು ಕೊಡೆ ಹಿಡಿದು ಬರುತ್ತಾನೆ. ಓದುಗರು ಕರಗಿ ಹೋದರು. ಹತ್ತನೇ ಕಂತಿನಲ್ಲಿ ಅದೇ ಚಿತ್ರ, ಈ ಸಲ ಬಲಗಡೆ ಕತ್ತರಿಸಿಲ್ಲ. ಅಲ್ಲಿ ಅವನ ಬೈಕ್ ನಿಂತಿದೆ. ರಸ್ತೆ ಎಲ್ಲಾ ಒದ್ದೆ, ಬೈಕಿನ ಕೆಳಗೆ ಮಾತ್ರ ನೆಲ ಒಣಗಿದೆ. ಅಂದರೆ ಮಳೆ ಶುರುವಾಗುವ ಮೊದಲೇ ಅವನು ಅಲ್ಲಿದ್ದ. ಒಂದು ಮಾತೂ ಬರೆಯಲಿಲ್ಲ. ಓದುಗರು ಹಳೇ ಕಂತಿಗೆ ವಾಪಸ್ ಹೋಗಿ ಹುಡುಕೋಕೆ ಶುರು ಮಾಡಿದರು, ಹಳೇ ಕಂತುಗಳ ವ್ಯೂ ಕೂಡ ಏರಿತು.

ಇನ್ನೊಂದು, ಮೆಸೇಜಿನದು. ಗೆಳತಿ ಕಳಿಸಿದ್ದಕ್ಕೆ ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. 'ಓದಿ ಸುಮ್ನಿದ್ದೀಯಲ್ಲೇ' ಅಂತ ಗೆಳತಿ ಮುನಿಸಿಕೊಂಡು ಹೋಗುತ್ತಾಳೆ. ಪಕ್ಕದ ಪ್ಯಾನೆಲ್‌ನಲ್ಲಿ ಹುಡುಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ, ಮುಖ ಮಾತ್ರ ಕಾಣುತ್ತದೆ. ಪೂರ್ತಿ ಚಿತ್ರದಲ್ಲಿ ಆ ಸ್ಕ್ರೀನಿನ ಮೇಲೆ ಅವಳ ವಾಟ್ಸಾಪ್ ತೆರೆದಿದೆ.

ತುಂಬಾ ಜನ 1600 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ 800ಕ್ಕೆ ಇಳಿಸುತ್ತಾರೆ, ಅಲ್ವಾ? ಇಂಥ ಸೀನ್‌ಗಳಿಗೆ ಮಾತ್ರ ನಾನು 3000ದ ಹತ್ತಿರ ಹೋಗುತ್ತೇನೆ. ಬಣ್ಣ ಒಂದೇ ಸಲ ತುಂಬಿಸಬೇಕು, ಇಲ್ಲದಿದ್ದರೆ ಶೇಡ್ ಬದಲಾಗಿ ಗುಟ್ಟು ಬಿಟ್ಟುಕೊಡುತ್ತದೆ. ಆ ದಿನ ಖರ್ಚು ಜಾಸ್ತಿ ಅನ್ನಿಸುತ್ತದೆ, ಆದರೆ ಗುಟ್ಟು ಬಿಚ್ಚುವ ಕಂತಿನ ಬಣ್ಣಕ್ಕೆ ಸಾವಿರದ ಮೇಲೆ ಕೊಟ್ಟಿಲ್ಲ. ಎಷ್ಟು ಕಂತು ಕಾಯಿಸಿ ಬಿಚ್ಚಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಕತ್ತರಿಸಿದ ಅಂಚಿನಲ್ಲಿ ಒಂದು ಸುಳಿವು ಬಿಡುವ ವಿಧಾನವೂ ಇದೆ. ಅವೆರಡೂ ನನ್ನ ಹತ್ತಿರವೇ ಇರಲಿ, ಎರಡನೇ ಕಥೆಗೆ ಬೇಕು.

ಮಧ್ಯೆ ಒಂದಷ್ಟು ಆಟ ಆಡಿದೆ. ಅವನ ಮಾತಿನ ಗುಳ್ಳೆ ಕಂತಿನಿಂದ ಕಂತಿಗೆ ದೊಡ್ಡದಾಗಿ ಅವಳ ಗುಳ್ಳೆಯನ್ನ ಮುಚ್ಚುತ್ತಾ ಬರುವ ಹಾಗೆ ಮಾಡಿದೆ. ಯಾರೂ ಗಮನಿಸಲಿಲ್ಲ, ಆದರೂ ಉಸಿರುಗಟ್ಟಿತು ಅಂದರು. ಕನ್ನಡದ ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತವೆ, ಗುಳ್ಳೆಯೊಳಗೆ ಸಾಲಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಬೇಕು. ನಾನು ಬಿಡಿಸುವ ಆಪ್‌ನಲ್ಲಿ ಒತ್ತು ಒಡೆದು ಬೇರೆಯಾಗಿ ಬೀಳುತ್ತಿತ್ತು. ಈಗ ಡ್ರಾಯಿಂಗ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಬಾಲೂ ತಮ್ಮ ಫಾಂಟ್ ಹಾಕಿ ಅಕ್ಷರ ಕೂರಿಸುತ್ತೇನೆ, ಎರಡೂ ಪುಕ್ಕಟೆ. ಪುಸ್ತಕವಾಗಿ ಪ್ರಿಂಟ್ ಹಾಕಿಸಿದ್ದು ಮಾತ್ರ ದಂಡ. ಉದ್ದಕ್ಕೆ ಸ್ಕ್ರೋಲ್ ಆಗುವುದನ್ನ ಪುಟಕ್ಕೆ ತುಂಡು ಮಾಡಿದರೆ ಭಯವೇ ಉಳಿಯಲ್ಲ. 50 ಪ್ರತಿಯಲ್ಲಿ ಅರ್ಧ ಇನ್ನೂ ಅಟ್ಟದ ಮೇಲಿದೆ.

ಪೊಲೀಸ್ ಸ್ಟೇಷನ್ ಸೀನಿಗೆ ಸ್ವಲ್ಪ ಓದಿಕೊಂಡೆ. ಹಿಂಬಾಲಿಸುವುದು ಹಳೇ ಐಪಿಸಿಯಲ್ಲಿ 354ಡಿ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಹೆಂಗಸಿನ ಫೋನು, ಇಂಟರ್ನೆಟ್ ಬಳಕೆ ಮೇಲೆ ಕಣ್ಣಿಡುವುದೂ ಅದರಲ್ಲೇ ಬರುತ್ತದೆ, ನನ್ನ ಲ್ಯಾಪ್‌ಟಾಪ್ ಸೀನಿಗೆ ಸರಿಯಾಗಿ ಕೂತಿತು. ಮೊದಲ ಸಲವಾದರೆ ಜಾಮೀನು ಸಿಗುವ ಅಪರಾಧ. ಹಾಗಾಗಿ ಅವನು ಬೇಗ ಹೊರಗೆ ಬರುತ್ತಾನೆ, ಕೊನೇ ನಾಲ್ಕು ಕಂತು ಹುಟ್ಟಿದ್ದೇ ಅಲ್ಲಿಂದ. ಆ ಕಂತುಗಳ ಕೆಳಗೆ ಮಹಿಳಾ ಸಹಾಯವಾಣಿ 181 ಹಾಕಿದೆ. ಇಬ್ಬರು ಮೂವರು ಇನ್‌ಬಾಕ್ಸಿಗೆ ಬಂದು ತಮ್ಮ ಕಥೆ ಹೇಳಿಕೊಂಡರು, ಅದನ್ನ ಇಲ್ಲಿ ಬರೆಯಲ್ಲ.

ದುಡ್ಡಿನ ವಿಷಯ. ಮುಂದಿನ ಕಂತನ್ನ ಒಂದು ವಾರ ಮೊದಲೇ ಓದೋಕೆ 49 ರೂಪಾಯಿ, ಯುಪಿಐ ಮೂಲಕ. ಹತ್ತನೇ ಕಂತಿನ ಮೊದಲು ಕೊಡುತ್ತಿದ್ದವರು 30 ಜನ ಇದ್ದರೆ ಹೆಚ್ಚು, ಅದರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಆಮೇಲೆ 400 ದಾಟಿತು. ಕಳೆದ ಖರ್ಚೆಲ್ಲ ವಾಪಸ್ ಬಂತು, ಹಳೇ ಪೆನ್ ಟ್ಯಾಬ್ಲೆಟ್ ಮಾರಿ ಸ್ಕ್ರೀನ್ ಇರುವುದನ್ನ ತಗೊಂಡೆ. ಅಕ್ಷರ ಕೂರಿಸುವ ಟೆಂಪ್ಲೇಟ್ ಬೇಕಿದ್ದವರು ಕೇಳಿ, ಕೊಡುತ್ತೇನೆ. ಮಳೆ ಸೀನಿನ ಲೇಯರ್ ಫೈಲ್ ಮಾತ್ರ ಕೇಳಬೇಡಿ.