ನಾಬ್ಲುಸ್ ಮೇಯರ್‌ಗಳ ಪಟ್ಟಿ ಮತ್ತು ಹೆಸರಿಲ್ಲದ ಒಂದು ಸಾಲು

ವೆಸ್ಟ್ ಬ್ಯಾಂಕ್‌ನ ನಾಬ್ಲುಸ್ ನಗರದ ಮೇಯರ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯಲು ಹೊರಟಾಗ, ಅದು ಎರಡು ವಾರಗಳಲ್ಲಿ ಮುಗಿಯುವ ಕೆಲಸವೆಂದು ನಾನು ಭಾವಿಸಿದ್ದೆ. ಐದು ತಿಂಗಳು ಹಿಡಿಯಿತು. ಪದವಿ ತರಗತಿಗಳಿಗೆ ಪಶ್ಚಿಮ ಏಷ್ಯಾದ ಇತಿಹಾಸ ಪಾಠ ಮಾಡುವ ನನಗೆ, ವಿದ್ಯಾರ್ಥಿಗಳು ಪ್ಯಾಲೆಸ್ಟೈನನ್ನು ಯುದ್ಧ ಮತ್ತು ಒಪ್ಪಂದಗಳ ಸಾಲಾಗಿ ಮಾತ್ರ ಓದುತ್ತಿದ್ದಾರೆ ಎಂಬ ಕೊರಗು ಬಹಳ ದಿನಗಳಿಂದ ಇತ್ತು. ನೀರು, ಬೀದಿದೀಪ, ಮಾರುಕಟ್ಟೆ, ತೆರಿಗೆ ನೋಡಿಕೊಳ್ಳುವ ಪುರಸಭೆಯೊಂದು ನಾಬ್ಲುಸ್‌ನಲ್ಲಿ 1869ರಲ್ಲೇ, ಒಟ್ಟೋಮನ್ನರ ಆಳ್ವಿಕೆಯಲ್ಲಿ, ಸ್ಥಾಪನೆಯಾಗಿತ್ತು ಎಂಬುದನ್ನು ಅವರಿಗೆ ತೋರಿಸಬೇಕೆಂದು ಈ ಕೆಲಸಕ್ಕೆ ಕೈಹಾಕಿದೆ.

ಮೊದಲ ತೊಡಕು ಎದುರಾದದ್ದು ಶೀರ್ಷಿಕೆಯಲ್ಲೇ. ಅರಬ್ಬಿಯಲ್ಲಿ ಈ ಹುದ್ದೆಗೆ ‘ರಈಸ್ ಬಲದಿಯ್ಯಾ’ ಎನ್ನುತ್ತಾರೆ. ಪುರಸಭೆಯ ಮುಖ್ಯಸ್ಥ ಎಂಬುದು ಅದರ ನೇರ ಅರ್ಥ. ನಮ್ಮಲ್ಲಿ ಪುರಸಭೆ, ನಗರಸಭೆಗಳಿಗೆ ಅಧ್ಯಕ್ಷರಿದ್ದರೆ ಮಹಾನಗರ ಪಾಲಿಕೆಗೆ ಮೇಯರ್ ಇರುತ್ತಾರೆ. ಆ ಲೆಕ್ಕದಲ್ಲಿ ‘ಅಧ್ಯಕ್ಷ’ ಎಂಬ ಪದವೇ ಹೆಚ್ಚು ಸರಿ. ಆದರೂ ಪತ್ರಿಕೆಗಳ ಮೂಲಕ ಓದುಗರಿಗೆ ಪರಿಚಯವಿರುವ ‘ಮೇಯರ್’ ಎಂಬುದನ್ನೇ ಉಳಿಸಿಕೊಂಡು, ಈ ವ್ಯತ್ಯಾಸವನ್ನು ಲೇಖನದ ಆರಂಭದಲ್ಲೇ ವಿವರಿಸಿದೆ. ಒಂದು ವರ್ಷದ ಅವಧಿಯ ಮೇಯರ್‌ಗಳನ್ನು ಕಂಡು ರೂಢಿಯಾದ ನಮಗೆ, ಅಲ್ಲಿ ಒಬ್ಬರೇ ಕಾಲು ಶತಮಾನ ಆ ಕುರ್ಚಿಯಲ್ಲಿದ್ದದ್ದು ನಂಬಲು ಕಷ್ಟವಾಗುವ ಸಂಗತಿ. ಸುಲೈಮಾನ್ ತೂಕಾನ್ 1925ರಿಂದ 1951ರವರೆಗೆ ಮೇಯರ್ ಆಗಿದ್ದರು. 1927ರ ಜುಲೈ ಭೂಕಂಪದಲ್ಲಿ ನಗರ ತೀವ್ರ ಹಾನಿಗೊಳಗಾದಾಗಲೂ, ಬ್ರಿಟಿಷರು ಹೊರಟುಹೋಗಿ ಜೋರ್ಡಾನಿನ ಆಳ್ವಿಕೆ ಬಂದಾಗಲೂ ಆ ಸ್ಥಾನದಲ್ಲಿದ್ದವರು ಅವರೇ.

ಎರಡನೆಯ ತೊಡಕು ಮನೆತನದ ಹೆಸರುಗಳದ್ದು. ಆಲಿವ್ ಎಣ್ಣೆಯ ಸಾಬೂನಿಗೆ ಹೆಸರಾದ ಈ ಊರಿನಲ್ಲಿ ಸಾಬೂನು ಕಾರ್ಖಾನೆಗಳ ಮೇಲಿರುವ ಹೆಸರುಗಳೇ ಮೇಯರ್‌ಗಳ ಪಟ್ಟಿಯಲ್ಲೂ ಮರಳಿ ಬರುತ್ತವೆ. ತೂಕಾನ್, ಮಸ್ರಿ ಮತ್ತು ಶಕಅ ಮನೆತನಗಳಿಂದ ಒಬ್ಬರಿಗಿಂತ ಹೆಚ್ಚು ಮಂದಿ ಆ ಸ್ಥಾನಕ್ಕೆ ಬಂದಿದ್ದಾರೆ. ನನ್ನ ಮೊದಲ ಕರಡಿನಲ್ಲಿ ಬಸ್ಸಾಮ್ ಶಕಅ ಮತ್ತು ಅವರ ಅಣ್ಣತಮ್ಮಂದಿರಲ್ಲೊಬ್ಬರ ಮಗ ಘಸ್ಸಾನ್ ಶಕಅ ಒಬ್ಬರೇ ವ್ಯಕ್ತಿಯಾಗಿಬಿಟ್ಟಿದ್ದರು. ಅಂದಿನಿಂದ ನಾನು ಪಟ್ಟಿಯಲ್ಲಿ ಮನೆತನದ ಹೆಸರನ್ನು ಒಂಟಿಯಾಗಿ ಬರೆಯುವುದನ್ನು ಪೂರ್ತಿ ಬಿಟ್ಟೆ.

ಮೊದಲ ಕರಡಿನ ಕೋಷ್ಟಕದಲ್ಲಿ ಮೂರು ಕಾಲಂಗಳಿದ್ದವು: ಹೆಸರು, ಆರಂಭದ ವರ್ಷ, ಕೊನೆಯ ವರ್ಷ. ಅದನ್ನು ತರಗತಿಯಲ್ಲಿ ಹಂಚಿದಾಗ ಒಬ್ಬ ವಿದ್ಯಾರ್ಥಿನಿ, ‘ಮೇಡಂ, ಇವರನ್ನೆಲ್ಲ ಆರಿಸಿದ್ದು ಯಾರು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದ ಮೇಲೆಯೇ ಈ ಹುದ್ದೆಯ ಇತಿಹಾಸ ನನಗೆ ನಿಜವಾಗಿ ಅರ್ಥವಾದದ್ದು. 1877ರ ಒಟ್ಟೋಮನ್ ಕಾನೂನಿನಂತೆ ತೆರಿಗೆ ಕಟ್ಟುವ ಗಂಡಸರು ಸದಸ್ಯರನ್ನು ಆರಿಸುತ್ತಿದ್ದರು. ಆ ಸದಸ್ಯರಲ್ಲಿ ಯಾರು ಮುಖ್ಯಸ್ಥರಾಗಬೇಕೆಂಬುದನ್ನು ಮಾತ್ರ ಸರ್ಕಾರ ತೀರ್ಮಾನಿಸುತ್ತಿತ್ತು. ಬ್ರಿಟಿಷರ 1934ರ ಕಾನೂನಿನಲ್ಲಿ ಆ ಅಧಿಕಾರ ಅವರ ಆಡಳಿತದ ಮುಖ್ಯಸ್ಥನಾದ ಹೈಕಮಿಷನರ್ ಕೈಗೆ ಹೋಯಿತು. ಜೋರ್ಡಾನಿನ 1955ರ ಕಾನೂನಿನಲ್ಲಿ ಅಮ್ಮಾನ್‌ನ ಮಂತ್ರಿಮಂಡಲದ ಕೈಗೆ. ಮೂರು ಆಡಳಿತಗಳು ಬದಲಾದರೂ, ಊರಿನವರು ಸಭೆಯನ್ನು ಆರಿಸುವುದು ಮತ್ತು ಹೊರಗಿನವರು ಅದರ ಮುಖ್ಯಸ್ಥನನ್ನು ನೇಮಿಸುವುದು ಎಂಬ ಏರ್ಪಾಡು ಹಾಗೆಯೇ ಮುಂದುವರಿಯಿತು. ಹಾಗಾಗಿ ಕೋಷ್ಟಕಕ್ಕೆ ಎರಡು ಕಾಲಂಗಳನ್ನು ಸೇರಿಸಿದೆ: ‘ನೇಮಿಸಿದವರು’ ಮತ್ತು ‘ಹುದ್ದೆ ಬಿಟ್ಟ ಬಗೆ’.

1967ರ ಜೂನ್‌ನಲ್ಲಿ ಇಸ್ರೇಲಿನ ಸೇನೆ ನಗರವನ್ನು ಹಿಡಿದಾಗ ಮೇಯರ್ ಆಗಿದ್ದವರು ಹಮ್ದಿ ಕನ್‌ಆನ್. 1969ರಲ್ಲಿ ಅವರು ರಾಜೀನಾಮೆ ಕೊಟ್ಟ ಮೇಲೆ ಮಾಜೂಜ್ ಮಸ್ರಿ ಬಂದರು. 1976ರ ಏಪ್ರಿಲ್ ಚುನಾವಣೆಯನ್ನು ನಾನು ಸ್ವಲ್ಪ ವಿವರವಾಗಿ ಬರೆದೆ. ಆಸ್ತಿವಂತ ಗಂಡಸರಿಗಷ್ಟೇ ಇದ್ದ ಮತದಾನದ ಹಕ್ಕು ಆ ಬಾರಿ ಸೇನಾ ಆಡಳಿತದ ಆದೇಶದಿಂದಲೇ ಮಹಿಳೆಯರಿಗೂ ಆಸ್ತಿಯಿಲ್ಲದವರಿಗೂ ದೊರೆಯಿತು. ಸೇನಾ ಆಡಳಿತದ ನಿರೀಕ್ಷೆಗೆ ವಿರುದ್ಧವಾಗಿ, ಪ್ರಮುಖ ನಗರಗಳಲ್ಲಿ ಗೆದ್ದದ್ದು ಪಿಎಲ್‌ಒ (ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆ) ಬೆಂಬಲಿಸುವ ರಾಷ್ಟ್ರೀಯವಾದಿಗಳು. ನಾಬ್ಲುಸ್‌ನಲ್ಲಿ ಬಸ್ಸಾಮ್ ಶಕಅ ಮೇಯರ್ ಆದರು. 1979ರ ನವೆಂಬರ್‌ನಲ್ಲಿ, ಇಸ್ರೇಲಿನ ಸೇನಾಧಿಕಾರಿಯೊಬ್ಬರೊಂದಿಗೆ ಆಡಿದ ಮಾತುಗಳನ್ನೇ ನೆಪವಾಗಿಸಿಕೊಂಡು ಅವರನ್ನು ಗಡೀಪಾರು ಮಾಡಲು ಬಂಧಿಸಿದಾಗ ಇತರ ನಗರಗಳ ಮೇಯರ್‌ಗಳು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಡಿಸೆಂಬರ್ ಆರಂಭದಲ್ಲಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು.

1980ರ ಜೂನ್ 2ರ ಬೆಳಿಗ್ಗೆ ಶಕಅ ತಮ್ಮ ಕಾರನ್ನು ಚಾಲೂ ಮಾಡುತ್ತಿದ್ದಂತೆ ಅದರಲ್ಲಿ ಅಡಗಿಸಿಟ್ಟಿದ್ದ ಬಾಂಬ್ ಸಿಡಿಯಿತು. ಅವರು ಎರಡೂ ಕಾಲುಗಳನ್ನು ಕಳೆದುಕೊಂಡರು. ಅದೇ ದಿನ ರಾಮಲ್ಲಾದ ಮೇಯರ್ ಕರೀಮ್ ಖಲಫ್ ಅವರ ಕಾರಿನಲ್ಲೂ ಬಾಂಬ್ ಸಿಡಿದು ಅವರ ಪಾದ ಹೋಯಿತು. ಎಲ್‌ಬಿರೆಯ ಮೇಯರ್ ಇಬ್ರಾಹಿಂ ತವೀಲ್ ಅವರ ಗ್ಯಾರೇಜಿನಲ್ಲಿಟ್ಟಿದ್ದ ಬಾಂಬನ್ನು ತೆಗೆಯಲು ಹೋದ ಇಸ್ರೇಲಿನ ಪರಿಣತ ಸಿಬ್ಬಂದಿಯೊಬ್ಬರು ದೃಷ್ಟಿ ಕಳೆದುಕೊಂಡರು. ಇದನ್ನು ನಡೆಸಿದ ಯಹೂದಿ ವಸಾಹತುಗಾರರ ಭೂಗತ ಗುಂಪಿನವರು ಬಂಧನಕ್ಕೊಳಗಾದದ್ದು 1984ರಲ್ಲಿ. ಈ ಭಾಗವನ್ನು ನಾನು ನಾಲ್ಕು ಬಾರಿ ತಿದ್ದಿ ಬರೆದಿದ್ದೇನೆ. ಕೋಪದಿಂದ ಬರೆದ ಮೊದಲ ಮೂರು ಕರಡುಗಳಲ್ಲಿ ವಿಶೇಷಣಗಳೇ ತುಂಬಿದ್ದವು. ಕೊನೆಯದರಲ್ಲಿ ದಿನಾಂಕ, ಕಾರು, ಕಾಲುಗಳನ್ನು ಬಿಟ್ಟು ಉಳಿದೆಲ್ಲವನ್ನೂ ಹೊಡೆದುಹಾಕಿದೆ. ಆ ದಾಳಿಯ ನಂತರವೂ ಶಕಅ ಹುದ್ದೆಯನ್ನು ಬಿಟ್ಟುಕೊಡಲಿಲ್ಲ. ‘ಹುದ್ದೆ ಬಿಟ್ಟ ಬಗೆ’ ಎಂಬಲ್ಲಿ ಅವರ ಹೆಸರಿನ ಮುಂದೆ ನಾನು ಬರೆದದ್ದು ‘ಸೇನಾ ಆಡಳಿತದಿಂದ ವಜಾ, ಮಾರ್ಚ್ 1982’ ಎಂದು.

ಅದರ ಮುಂದಿನ ಸಾಲು ನನ್ನನ್ನು ಬಹಳ ದಿನ ಕಾಡಿತು. 1982ರಿಂದ 1985ರ ಕೊನೆಯವರೆಗೆ ಯಾವ ಮೇಯರ್‌ನ ಹೆಸರೂ ಸಿಗಲಿಲ್ಲ; ಮೊದಲು ಅಲ್ಲಿ ‘ಖಾಲಿ’ ಎಂದು ಬರೆದೆ. ಆದರೆ ಪುರಸಭೆ ಮುಚ್ಚಿರಲಿಲ್ಲ, ತೆರಿಗೆ ನಿಂತಿರಲಿಲ್ಲ. ಮೇಯರ್ ಮಾಡಬೇಕಾದ ಕೆಲಸವನ್ನು ಇಸ್ರೇಲಿನ ಸೇನಾಧಿಕಾರಿ ಮಾಡುತ್ತಿದ್ದ. ‘ಖಾಲಿ’ ಎಂಬ ನನ್ನ ಪದ ಆ ಸಂಗತಿಯನ್ನೇ ಮುಚ್ಚಿಡುತ್ತಿತ್ತು.

1985ರ ಕೊನೆಯಲ್ಲಿ ವಾಣಿಜ್ಯ ಮಂಡಳಿಯ ಮುಖ್ಯಸ್ಥರಾಗಿದ್ದ ಜಾಫರ್ ಮಸ್ರಿ ಇಸ್ರೇಲ್ ಮಾಡಿದ ನೇಮಕವನ್ನು ಒಪ್ಪಿಕೊಂಡರು. 1986ರ ಮಾರ್ಚ್ 2ರಂದು ಪುರಸಭೆಗೆ ನಡೆದು ಹೋಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಪ್ಯಾಲೆಸ್ಟೀನಿಯರದೇ ಸಂಘಟನೆಯಾದ ಪಾಪ್ಯುಲರ್ ಫ್ರಂಟ್ ಹೊಣೆ ಹೊತ್ತುಕೊಂಡಿತು. ಯಾರ ಸಹಿಯಿಂದ ಮೇಯರ್ ಆದರು ಎಂಬುದು ಪ್ರಾಣಕ್ಕೇ ಎರವಾಗಬಲ್ಲದ್ದು ಎಂಬುದನ್ನು ಈ ಒಂದು ಸಾಲು ನನಗೆ ತೋರಿಸಿತು. ನಂತರದ ಭಾಗವನ್ನು ಚುಟುಕಾಗಿ ಮುಗಿಸಿದೆ. 1994ರಲ್ಲಿ ಪಿಎಲ್‌ಒ ನಾಯಕ ಯಾಸಿರ್ ಅರಾಫತ್ ಅವರಿಂದ ನೇಮಕಗೊಂಡ ಘಸ್ಸಾನ್ ಶಕಅ, ಸಹೋದರನ ಹತ್ಯೆಯ ನಂತರ ನಗರದ ಅರಾಜಕತೆಯನ್ನು ಪ್ರತಿಭಟಿಸಿ 2004ರಲ್ಲಿ ರಾಜೀನಾಮೆ ಕೊಟ್ಟರು. 2005ರ ಡಿಸೆಂಬರ್ ಚುನಾವಣೆಯಲ್ಲಿ ಹಮಾಸ್ ಬೆಂಬಲದ ಪಟ್ಟಿ 15ರಲ್ಲಿ 13 ಸ್ಥಾನ ಗೆದ್ದು ಅದ್ಲಿ ಯಾಈಶ್ ಮೇಯರ್ ಆದರು. 2007ರ ಮೇ ತಿಂಗಳಲ್ಲಿ ಇಸ್ರೇಲ್ ಅವರನ್ನು ಬಂಧಿಸಿತು. ಜೈಲಿನಲ್ಲಿದ್ದರೂ ಅವರು ಮೇಯರ್ ಆಗಿಯೇ ಇದ್ದುದರಿಂದ, ಅವರ ವಿಷಯಕ್ಕೆ ನನ್ನ ಕೊನೆಯ ಕಾಲಂ ಸಾಲದೆ ಕೆಳಗೆ ಪ್ರತ್ಯೇಕ ಟಿಪ್ಪಣಿ ಬರೆಯಬೇಕಾಯಿತು.

ಲೇಖನವನ್ನು ಪ್ರಕಟಿಸಲು ಒಪ್ಪಿದವರು, ಹೆಸರೇ ಇಲ್ಲದ 1982–85ರ ಸಾಲನ್ನು ಮೇಯರ್‌ಗಳ ಪಟ್ಟಿಯಿಂದ ತೆಗೆಯಬಹುದಲ್ಲವೇ ಎಂದು ಕೇಳಿದರು. ಆಗುವುದಿಲ್ಲವೆಂದು ಎರಡು ಪತ್ರ ಬರೆದೆ. ಈಗ ಅಲ್ಲಿ ಹೆಸರಿನ ಜಾಗದಲ್ಲಿ ‘ಮೇಯರ್ ಇಲ್ಲ, ಸೇನಾಧಿಕಾರಿಯ ಆಡಳಿತ’ ಎಂದಿದೆ, ‘ನೇಮಿಸಿದವರು’ ಎಂಬಲ್ಲಿ ‘ಇಸ್ರೇಲಿನ ಸೇನಾ ಆಡಳಿತ’ ಎಂದಿದೆ.