ಹೊರಗಿನ ಸೌದೆ ಬಾಯ್ಲರ್ ಹೊಗೆ ಕಾರುತ್ತಿದ್ದರೆ

ಮನೆಯ ಹೊರಗೆ ಸೌದೆ ಬಾಯ್ಲರ್ ಇಟ್ಟು, ಬಿಸಿನೀರನ್ನು ಪೈಪಿನಲ್ಲಿ ಒಳಗೆ ತರುವವರಿಗೆ ಒಂದು ಮಾತು. ಆಷಾಢದ ಮಳೆಯಲ್ಲಿ ಹೊಗೆ ಜಾಸ್ತಿ, ಬಿಸಿ ಕಡಿಮೆ ಎಂದಾದರೆ ಬಾಯ್ಲರನ್ನು ಬೈಯುವ ಮೊದಲು ಸೌದೆ ನೋಡಿ. ನಾನು ಎರಡು ವರ್ಷ ಸುಮ್ಮನೆ ಬೈದೆ.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬೆಂಕಿಯ ಬಿಸಿಯಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಚೆನ್ನಾಗಿ ಉರಿಯಲು ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಕಾಫಿ ಕುಯ್ಲು ಮುಗಿದು ಕಸಿ (ಗಿಡದ ರೆಂಬೆ ಸವರುವುದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿಸುವಾಗಲೇ ಸೌದೆಯನ್ನು ಸೀಳಿಸಿಬಿಡಿ. ಉರುಟು ದಿಮ್ಮಿ ತೊಗಟೆಯೊಳಗೆ ನೀರು ಹಿಡಿದುಕೊಂಡು ವರ್ಷವಾದರೂ ಒಣಗುವುದಿಲ್ಲ. ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಪೇರಿಸಿ, ಮೇಲೆ ಮಾತ್ರ ಶೀಟು ಹೊದಿಸಿ. ಟಾರ್ಪಾಲಿನಲ್ಲಿ ಸುತ್ತಲೂ ಬಿಗಿದರೆ ಒಳಗೆ ಬೆವತು ಅಣಬೆ ಏಳುತ್ತದೆ. ಎರಡು ತುಂಡುಗಳನ್ನು ಪರಸ್ಪರ ಬಡಿದು ನೋಡಿ. ಟಣ್ ಎಂದರೆ ಒಣಗಿದೆ, ದಪ್ ಎಂದರೆ ಇನ್ನೂ ಹಸಿ.

ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಹಳೆಯ ಕಾಫಿ ಬೊಡ್ಡೆ ಗಟ್ಟಿ, ಕೆಂಡ ನಿಲ್ಲುತ್ತದೆ. ಬೆಳಗ್ಗೆ ಅದು, ರಾತ್ರಿಗೆ ಇದು.

ಹೊಗೆಕೊಳವೆಯಲ್ಲಿ ಡಾಂಬರಿನಂತಹ ಮಸಿ ಕಟ್ಟಿದ್ದರೆ ಕೆರೆಸಿ, ಅದಕ್ಕೇ ಬೆಂಕಿ ಹಿಡಿಯಬಹುದು. ನೀರಿನ ಆವಿ ಹೋಗುವ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಒತ್ತಡ ಏರಿದರೆ ಬಾಯ್ಲರ್ ಸಿಡಿಯುತ್ತದೆ.