ಪೈಗೆ ಸೇಬು: ನಾನು ಆರಿಸುವ ರೀತಿ

ಪೈ, ಅಂದರೆ ಹಿಟ್ಟಿನ ಪದರದೊಳಗೆ ಹಣ್ಣು ತುಂಬಿ ಓವನ್‌ನಲ್ಲಿ ಬೇಯಿಸುವ ತಿನಿಸು. ಅದನ್ನು ಮಾಡುವವರು ಸಾಮಾನ್ಯವಾಗಿ ಮೇಲಿನ ಹಿಟ್ಟಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಮಾತ್ರ ಒಳಗಿನ ಸೇಬಿನದೇ ಚಿಂತೆ. ಹಾಗೇ ಕಚ್ಚಿ ತಿನ್ನಲು ಚೆನ್ನಾಗಿರುವ ಹಣ್ಣೆಲ್ಲ ಬೇಯಿಸಲು ಆಗಿಬರುವುದಿಲ್ಲ. ರೆಡ್ ಡಿಲೀಶಿಯಸ್ ಜಾತಿಯ ಸೇಬು ನೋಡಿ, ಎಂಥ ಬಣ್ಣ! ಓವನ್‌ನಿಂದ ಹೊರಬರುವಾಗ ಮುದ್ದೆಯಾಗಿರುತ್ತದೆ, ರುಚಿಯೂ ಸಪ್ಪೆ.

ನಾನು ಮೊದಲು ಹುಡುಕುವುದು ಗ್ರ್ಯಾನಿ ಸ್ಮಿತ್. ಆ ಹಸಿರು ಸೇಬು ಗಟ್ಟಿ, ಹುಳಿ ಎರಡೂ ಹೌದು. ಹೋಳುಗಳನ್ನು ಗಟ್ಟಿಯಾಗಿ ಹಿಡಿದಿಡುವುದು ಪೆಕ್ಟಿನ್ ಎಂಬ, ಹಣ್ಣಿನಲ್ಲೇ ಇರುವ ಅಂಟಿನಂಥ ಪದಾರ್ಥ. ಬಿಸಿಗೆ ಅದು ಕರಗುತ್ತಾ ಹೋಗುತ್ತದೆ, ಹುಳಿ ಇದ್ದರೆ ಸ್ವಲ್ಪ ನಿಧಾನವಾಗಿ ಕರಗುತ್ತದೆ. ಹಾಗಂತ ಹುಳಿಯೊಂದನ್ನೇ ನಂಬುವಂತಿಲ್ಲ. ಇಂಗ್ಲೆಂಡಿನ ಬ್ರ್ಯಾಮ್ಲಿ ಸೇಬು ಬಾಯಿಗಿಡಲಾಗದಷ್ಟು ಹುಳಿ, ಆದರೂ ಬೆಂದರೆ ಹತ್ತಿಯಂತೆ ಅರಳಿ ಕರಗಿಬಿಡುತ್ತದೆ. ಅಲ್ಲಿಯವರಿಗೆ ಪೈನೊಳಗೆ ಅದೇ ಬೇಕು! ನನಗೆ ಹೋಳು ಹೋಳಾಗಿ ಹಲ್ಲಿಗೆ ಸಿಗಬೇಕು.

ಗ್ರ್ಯಾನಿ ಸ್ಮಿತ್ ಒಂದನ್ನೇ ಹಾಕಿದರೆ ಹುಳಿಯೇ ಮುಂದಾಗುತ್ತದೆ, ಪರಿಮಳ ಸಾಲುವುದಿಲ್ಲ. ಹಾಗಾಗಿ ಅರ್ಧ ಅದು, ಉಳಿದರ್ಧಕ್ಕೆ ಸಿಹಿ ಇದ್ದೂ ಗಟ್ಟಿ ಇರುವ ಬೇರೆ ಜಾತಿ. ಬ್ರೇಬರ್ನ್, ಜೋನಾಗೋಲ್ಡ್, ಹನಿಕ್ರಿಸ್ಪ್, ಪಿಂಕ್ ಲೇಡಿ, ಇವುಗಳಲ್ಲಿ ಸಿಕ್ಕಿದ್ದು. ಯಾವುದೂ ಸಿಗದಿದ್ದರೆ ಗೋಲ್ಡನ್ ಡಿಲೀಶಿಯಸ್ ಕೂಡ ಆಗುತ್ತದೆ. ಹೆಸರು ಒಂದೇ ಥರ ಇದ್ದರೂ ಅದು ರೆಡ್‌ನ ಹಾಗಲ್ಲ. ಮ್ಯಾಕಿಂಟಾಶ್ ಬೇಗ ಕರಗುವ ಹಣ್ಣು, ಸಾಸ್ ಮಾಡುವ ದಿನಕ್ಕಿರಲಿ.

ಜಾತಿ ಸರಿಯಿದ್ದರೂ ಹಣ್ಣು ಹಳೆಯದಾದರೆ ಪ್ರಯೋಜನವಿಲ್ಲ. ಸೇಬನ್ನು ಕೊಯ್ದು ತಿಂಗಳುಗಟ್ಟಲೆ ತಣ್ಣನೆಯ ಕೋಣೆಯಲ್ಲಿ ಇಡುತ್ತಾರೆ, ಹೊರಗಿನ ಹೊಳಪು ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಕೈಯಲ್ಲಿ ಹಿಡಿದಾಗ ಭಾರ ಅನಿಸಬೇಕು, ಒತ್ತಿದರೆ ತಗ್ಗಬಾರದು. ಒಂದು ತುಂಡು ಕಚ್ಚಿದಾಗ ಕರುಂ ಅನ್ನದೆ ಹಿಟ್ಟುಹಿಟ್ಟಾಗಿದ್ದರೆ ಅದನ್ನು ಹಾಗೇ ತಿಂದು ಮುಗಿಸುತ್ತೇನೆ.

ಹೆಸರೇ ಗೊತ್ತಿಲ್ಲದ ಸೇಬು ಸಿಕ್ಕಾಗ ಒಂದು ಪರೀಕ್ಷೆ ಮಾಡುತ್ತೇನೆ. ನಾಲ್ಕಾರು ಹೋಳನ್ನು ಚಿಟಿಕೆ ಸಕ್ಕರೆ ಜೊತೆ ಬಾಣಲೆಗೆ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡುವುದು. ಫೋರ್ಕ್ ಚುಚ್ಚಿದಾಗ ಸುಲಭವಾಗಿ ಇಳಿಯಬೇಕು, ಆದರೆ ಹೋಳಿನ ಅಂಚು ಉಳಿದಿರಬೇಕು. ಬಾಣಲೆಯಲ್ಲೇ ಕಲಸಿಹೋದದ್ದು ಓವನ್‌ನಲ್ಲಿ ಉಳಿಯುತ್ತದೆಯೇ?

ಸ್ವಲ್ಪ ಮೆತ್ತಗಿನ ಹಣ್ಣೇ ಗತಿಯಾದರೆ ಇನ್ನೊಂದು ದಾರಿ ಇದೆ. ಹೋಳುಗಳನ್ನು ಸಕ್ಕರೆಯೊಂದಿಗೆ 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಕುದಿ ಬರದಂತೆ, ಸ್ವಲ್ಪ ಹೊತ್ತು ಬೆಚ್ಚಗಿಡುತ್ತೇನೆ. ಆ ಶಾಖದಲ್ಲಿ ಸೇಬಿನಲ್ಲೇ ಇರುವ ಒಂದು ಕಿಣ್ವ ಪೆಕ್ಟಿನ್ ಅನ್ನು ಬದಲಾಯಿಸುತ್ತದೆ. ಆಮೇಲೆ ಅದು ಹಣ್ಣಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲೇ ಬೇಯಿಸಿದರೆ ಇನ್ನೂ ಮೆತ್ತಗಾಗುತ್ತದೆ ಅಂತ ತಾನೇ ಎಲ್ಲರೂ ಅಂದುಕೊಳ್ಳುವುದು? ಇಲ್ಲಿ ಉಲ್ಟಾ. ಇನ್ನೊಂದು ಲಾಭವೂ ಉಂಟು. ಸೇಬಿನ ಗಾತ್ರದಲ್ಲಿ ಸುಮಾರು ಕಾಲು ಭಾಗ ಬರೀ ಗಾಳಿ. ಬೆಂದಾಗ ಹಣ್ಣು ಕುಗ್ಗಿ ಮೇಲಿನ ಪದರದ ಕೆಳಗೆ ಟೊಳ್ಳು ಬೀಳುವುದು ಅದರಿಂದಲೇ. ಮೊದಲೇ ಕುಗ್ಗಿಸಿ ತುಂಬಿದರೆ ಆ ಟೊಳ್ಳು ಕಡಿಮೆ.

ಹೋಳು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಇರಲಿ, ಎಲ್ಲ ಒಂದೇ ಸಮ ಇರಲಿ. ಕಪ್ಪಾಗದಂತೆ ನಿಂಬೆರಸ ಹಾಕುತ್ತೇನೆ. ಸಕ್ಕರೆಯನ್ನು ಮಾತ್ರ ಪುಸ್ತಕದ ಅಳತೆಯಂತೆ ಸುರಿಯುವುದಿಲ್ಲ. ಎರಡೂ ಜಾತಿಯ ಹಸಿ ಹೋಳು ಬಾಯಿಗೆ ಹಾಕಿಕೊಂಡು, ಅಂದಿನ ಹುಳಿ ನೋಡಿ ಹಾಕುತ್ತೇನೆ.